ದುರುಗಕ್ಕ ಹೂಡಿ ನೋಡಿದ ಕಂಪ್ಯೂಟರು

ವರ್ಚುವಲ್ ಮಷೀನ್ ಅಂದರೆ ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಹತ್ತು ಕಂಪ್ಯೂಟರು ಎಂದು ಯಾವುದೋ ವಿಡಿಯೊದಲ್ಲಿ ಕೇಳಿದ ದಿನ, ಆ ಹತ್ತೂ ಪುಕ್ಕಟೆ ಹುಟ್ಟುತ್ತವೆ ಎಂದೇ ನಾನು ನಂಬಿಬಿಟ್ಟೆ. ನನ್ನ ಹಳೆಯ ಲ್ಯಾಪ್‌ಟಾಪು ಬ್ರೌಸರ್ ತೆರೆದರೇ ಏದುಸಿರು ಬಿಡುತ್ತಿತ್ತು. ಅದರಲ್ಲೇ ಹತ್ತು ಹುಟ್ಟಿಸಿ, ಒಂದನ್ನು ಚನ್ನಗಿರಿಯಲ್ಲಿರುವ ಅಕ್ಕ ಅಂಬಿಕಾಗೆ ಕೊಡುತ್ತೇನೆ ಎಂದು ಫೋನಿನಲ್ಲಿ ಮಾತೂ ಕೊಟ್ಟೆ. ಎರಡನೆಯದು ಹುಟ್ಟುವ ಮೊದಲೇ ಲ್ಯಾಪ್‌ಟಾಪು ಕಣ್ಣು ಮುಚ್ಚಿತು. "ನನ್ ಕಂಪ್ಯೂಟ್ರು ಎಲ್ಲಿಗ್ ಬಂತೋ?" ಎಂದು ಅಕ್ಕ ಇವತ್ತಿಗೂ ಕೇಳುತ್ತಾಳೆ.

ಇದನ್ನು ಆಫೀಸಿನಲ್ಲಿ ಹೇಳಿಕೊಂಡಾಗ ಎಲ್ಲರೂ ನಕ್ಕರು. ದುರುಗಕ್ಕ ಮಾತ್ರ ನಗಲಿಲ್ಲ. "ಹತ್ತಕ್ಕೂ ಮೇವು ಒಂದೇ ಗೋದಲಿಗೆ ಹಾಕ್ಬೇಕಲ್ಲೋ ತಮ್ಮಾ. ರ‍್ಯಾಮ್ ಎಷ್ಟೈತೆ ಅದ್ರಾಗೆ?" ಎಂದಳು.

ದುರುಗಕ್ಕನ ಪೂರ್ತಿ ಹೆಸರು ದುರ್ಗಾಂಬಿಕಾ. ಜಗಳೂರು ಕಡೆಯ ಬಿಳಿಚೋಡಿನವಳು. ಡಿಪ್ಲೊಮಾ ಮುಗಿಸಿ, ಮದುವೆಯಾಗಿ ನ್ಯಾಮತಿಗೆ ಬಂದವಳು. ನಾವಿಬ್ಬರೂ ನ್ಯಾಮತಿಯಿಂದ ಒಂದೇ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗುತ್ತೇವೆ. ಅಲ್ಲೊಂದು ಇಂಟರ್ನೆಟ್ ಕಂಪನಿಯಲ್ಲಿ, "ನೆಟ್ ಬರ್ತಿಲ್ಲ" ಎನ್ನುವವರ ಫೋನ್ ಎತ್ತುವುದೇ ನಮ್ಮ ಕೆಲಸ. ಗಿರಾಕಿ ಹೇಳಿದ್ದನ್ನೆಲ್ಲ ನಾನು ನಂಬುತ್ತೇನೆ. ಆಕೆ, "ವೈರ್ ಸರಿಯಾಗೇ ಚುಚ್ಚೀನಿ ಮೇಡಂ" ಎಂದವರಿಗೂ "ಫೋಟೋ ಕಳಿಸ್ರಿ" ಎನ್ನುತ್ತಾಳೆ. ಎಷ್ಟೋ ಫೋಟೋಗಳಲ್ಲಿ ವೈರು ನೇತಾಡುತ್ತಿರುತ್ತದೆ.

ಆಕೆಯ ಅಪ್ಪ ಬಂಗಾರಪ್ಪ ದನದ ದಲ್ಲಾಳಿಯಾಗಿದ್ದವರು. ಮಾರುವವನ ಬಾಯಿಮಾತಿಗೆ ಕಿವಿಗೊಡದೆ ಎತ್ತಿನ ಹಲ್ಲು ಎಣಿಸಿ ವಯಸ್ಸು ಹೇಳುತ್ತಿದ್ದರಂತೆ. ಹೇರು ತುಂಬಿದ ಗಾಡಿಯ ಗಾಲಿ ಕಟ್ಟಿಹಾಕಿ, ಎತ್ತನ್ನು ಹೂಡಿ ಎಳೆಸಿ ನೋಡುತ್ತಿದ್ದರಂತೆ. ಬೆಲೆಯನ್ನು ಮಾತ್ರ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಮುಗಿಸುತ್ತಿದ್ದರಂತೆ. ಅವರ ಅನುಮಾನವೆಲ್ಲ ಮಗಳ ಪಾಲಿಗೆ ಬಂದಿತ್ತು.

ಹೀಗಿರುವಾಗ ನಮ್ಮ ಕಂಪನಿ, ದಾವಣಗೆರೆಯ ಸರ್ವರ್ ಕೋಣೆಗೆ ಒಬ್ಬರನ್ನು ಒಳಗಿನಿಂದಲೇ ಆರಿಸುತ್ತೇವೆ ಎಂದಿತು. ಪರೀಕ್ಷೆಯಲ್ಲಿ ಒಂದು ಖಾಲಿ ಯಂತ್ರ ಕೊಡುತ್ತಾರೆ. ಅದರೊಳಗೆ ಆರೇಳು ವರ್ಚುವಲ್ ಸರ್ವರುಗಳನ್ನು ನಿಲ್ಲಿಸಿ, ಒಂದನ್ನು ಕೆಡವಿ ಮತ್ತೆ ಎಬ್ಬಿಸಿ ತೋರಿಸಬೇಕು. ಬೈಗುಳದ ಫೋನುಗಳಿಂದ ಪಾರಾಗಲು ನನಗೆ ಕಂಡ ದಾರಿ ಇದೊಂದೇ. ಮನೆಯಲ್ಲಿ ಕಲಿಯಲು ಗಟ್ಟಿ ಯಂತ್ರ ಬೇಕಿತ್ತು. ನನ್ನ ಸಂಬಳಕ್ಕೆ ಹೊಸದು ಎಟುಕುವಂತಿರಲಿಲ್ಲ. "ಹಳೇದು ಆರಿಸಾಕೆ ಬರ್ತೀರೇನಕ್ಕಾ?" ಎಂದೆ. ಕೇಳಿದ ಕೂಡಲೇ ಒಪ್ಪಿದಳು. ನಾನು ಅಲ್ಲೇ ಅನುಮಾನ ಪಡಬೇಕಿತ್ತು.

ಮೊದಲು ಚನ್ನಗಿರಿಯ ಒಂದು ಗುಜರಿ ಅಂಗಡಿಗೆ ಹೋದೆವು. ಅಲ್ಲೊಂದು ದೊಡ್ಡ ಸರ್ವರ್ ಇತ್ತು. ಅದರ ಗಾತ್ರ ನೋಡಿಯೇ ನಾನು ಮನಸೋತೆ. ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯ ಸದ್ದು.

"ಇದನ್ನ ಎಲ್ಲಿಡ್ತೀಯ? ನಿಮ್ಮವ್ವನ ಮಂಚದ ಪಕ್ಕದಾಗಾ?" ಎಂದಳು ದುರುಗಕ್ಕ. "ಕರೆಂಟ್ ಬಿಲ್ ಯಾರು ಕಟ್ತಾರೆ? ಕರೆಂಟ್ ಹೋದ್ರೆ ನಿಮ್ಮನೆ ಯುಪಿಎಸ್ಸು ಇದನ್ನ ಹೊರುತ್ತಾ?"

ಫೋನಿನಲ್ಲಿ ನಾನು ಮೆಚ್ಚಿಟ್ಟುಕೊಂಡಿದ್ದ ತೆಳ್ಳನೆಯ ಲ್ಯಾಪ್‌ಟಾಪನ್ನೂ ಬಸ್ಸಿನಲ್ಲೇ ತಳ್ಳಿಹಾಕಿದಳು. "ಇದ್ರಾಗೆ ರ‍್ಯಾಮ್ ಬೆಸುಗೆ ಹಾಕಿಬಿಟ್ಟವ್ರೆ. ನಾಳೆ ಜಾಸ್ತಿ ಬೇಕಂದ್ರೆ ಎಲ್ಲಿ ಚುಚ್ತೀಯ?"

ಕೊನೆಗೆ ಹೊನ್ನಾಳಿಯ ಜಯಪ್ಪನ ಅಂಗಡಿ. ಆಫೀಸುಗಳು ಬಿಟ್ಟ ಹಳೆಯ ಡೆಸ್ಕ್‌ಟಾಪುಗಳನ್ನು ಒರೆಸಿ ಮಾರುವ ಜಾಗ.

"ಇದು ಒಂದೇ ವರ್ಷ ಓಡಿರೋದು ನೋಡಕ್ಕಾ. ಎಸಿ ರೂಮಲ್ಲಿತ್ತು," ಎಂದ ಜಯಪ್ಪ.

ದುರುಗಕ್ಕ ಮುಚ್ಚಳ ಬಿಚ್ಚಿ ಫ್ಯಾನಿಗೆ ಬೆರಳು ಹಾಕಿದಳು. "ಎಸಿ ರೂಮಲ್ಲಿ ತೌಡು ಎಲ್ಲಿಂದ ಬಂತ್ರೀ? ಇದು ರೈಸ್ ಮಿಲ್ಲಿಂದಲ್ವಾ?" ಆಮೇಲೆ ತನ್ನ ಪೆನ್ ಡ್ರೈವ್ ಚುಚ್ಚಿ, ಡಿಸ್ಕು ಈವರೆಗೆ ಎಷ್ಟು ಗಂಟೆ ಓಡಿದೆ ಎಂದು ತೆಗೆಸಿದಳು. ಐದು ವರ್ಷಕ್ಕೂ ಹೆಚ್ಚು. ಹಲ್ಲು ಎಣಿಸಿದ ಹಾಗಾಯಿತು.

"ನಮ್ಮಂಗಡಿಗೆ ಬಂದ್ಮೇಲೆ ಒಂದು ವರ್ಷ ಅಂದೆ ಕಣಕ್ಕಾ," ಎಂದ ಜಯಪ್ಪ, ಮುಖ ತಿರುಗಿಸಿಕೊಂಡು.

ಇನ್ನೊಂದನ್ನು ಹೂಡಿ ನೋಡಿದಳು. ಅಂದರೆ, ಅದರೊಳಗೆ ಸಣ್ಣ ಸಣ್ಣ ಮಷೀನುಗಳನ್ನು ಒಂದರ ಮೇಲೊಂದು ಹುಟ್ಟಿಸುತ್ತಾ ಹೋದಳು. ನಾಲ್ಕನೆಯದಕ್ಕೇ ಅದು ಮಂಡಿಯೂರಿತು. ಮತ್ತೊಂದಕ್ಕೆ ಎಂಟು ಹೇರಿ, ನಮ್ಮನ್ನೆಲ್ಲ ಕೂರಿಸಿಕೊಂಡು, ತಂದಿದ್ದ ರೊಟ್ಟಿ ಬಿಚ್ಚಿದಳು. ಊಟ ಮುಗಿದರೂ ಅದು ಓಡುತ್ತಲೇ ಇತ್ತು. ಎತ್ತಿನ ಬೆನ್ನು ಸವರುವಂತೆ ಮೈ ಮುಟ್ಟಿ ಬಿಸಿ ನೋಡಿದಳು. ಜಯಪ್ಪ ಆ ಹೊತ್ತಿಗೆ ಇಬ್ಬರು ಗಿರಾಕಿಗಳನ್ನು ಕಳೆದುಕೊಂಡಿದ್ದ.

ಆಮೇಲೆ ವ್ಯಾಪಾರ. ದುರುಗಕ್ಕ ಕ್ಯಾಲ್ಕ್ಯುಲೇಟರಿನಲ್ಲಿ ಏನೋ ಒತ್ತಿ, ಮಗುಚಿ, ಜಯಪ್ಪನತ್ತ ನೂಕಿದಳು. ಅವನು ನೋಡಿ, ನಕ್ಕು, ಬೇರೇನೋ ಒತ್ತಿ, ಮಗುಚಿ ಹಿಂದಕ್ಕೆ ನೂಕಿದ. ಕೊಳ್ಳುವವನು ನಾನು, ನನಗೇ ಬೆಲೆ ಕಾಣಿಸದು. ನಾಲ್ಕೈದು ಸಲ ಹೀಗೆ ನಡೆದ ಮೇಲೆ ಜಯಪ್ಪ ಒಳಗೆ ಹೋಗಿ ಎರಡು ರ‍್ಯಾಮ್ ತಂದು ಖಾಲಿ ಜಾಗಕ್ಕೆ ಚುಚ್ಚಿದ. ನಾನು ತಂದಿದ್ದ ಹಣ ಪೂರ್ತಿ ಖಾಲಿಯಾಯಿತು.

"ನನಗೆ ಹದಿನಾರು ಜಿಬಿ ಸಾಕು ಅಂದಿದ್ರಲ್ಲಕ್ಕಾ. ಮೂವತ್ತೆರಡು ಯಾಕೆ?"

"ಇರ್ಲಿ ಬಿಡೋ. ಗೋದಲಿ ದೊಡ್ಡದಿರ್ಬೇಕು."

ಬಸ್ಸಿನಲ್ಲಿ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ಅನುಮಾನ ನನಗೂ ಅಂಟಿತ್ತು. ಚೌಕಾಸಿ ಮಾಡಿದ್ದು ಅಷ್ಟೊತ್ತು, ಉಳಿದದ್ದು ಏನೂ ಇಲ್ಲ. ದಲ್ಲಾಳಿಯ ಮಗಳು, ಕಮಿಷನ್ ಸಿಕ್ಕಿರಬೇಕು. ಪಕ್ಕದಲ್ಲಿ ಆಕೆ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಳು. ನಿದ್ದೆಯೂ ನಾಟಕವಿರಬಹುದೆನಿಸಿತು.

ಮಾರನೆಯ ದಿನ ಟೀ ಕುಡಿಯುವಾಗ ಮ್ಯಾನೇಜರ್ ರಂಗಣ್ಣ ಬೆನ್ನು ತಟ್ಟಿದರು. "ಏನಪ್ಪಾ ಪ್ರದೀಪ, ದಾವಣಗೆರೆ ಸೀಟಿಗೆ ಅಕ್ಕ-ತಮ್ಮ ಇಬ್ರೂ ಟವೆಲ್ ಹಾಕೀರಲ್ಲ! ನಿನಗಿಂತ ಮೊದಲು ದುರುಗಕ್ಕಂದೇ ಅರ್ಜಿ ಬಂದಿದ್ದು."

ಟೀ ನೆತ್ತಿಗೇರಿತು. ಕಮಿಷನ್ ಅಲ್ಲ, ಇನ್ನೂ ದೊಡ್ಡದು! ಎದುರಾಳಿಗೆ ಯಂತ್ರ ಆರಿಸಿಕೊಡುವವರು ಏನಾದರೂ ಐಬು ಇಟ್ಟೇ ಕೊಟ್ಟಿರುತ್ತಾರೆ. ಸಂಜೆ ಮನೆಗೆ ಬಂದವನೇ ಮುಚ್ಚಳ ಬಿಚ್ಚಿದೆ. ತೌಡಿಲ್ಲ. ಡಿಸ್ಕಿನ ವಯಸ್ಸು ನೋಡಿದೆ, ಎಳೆಯದು. ಹತ್ತು ಮಷೀನು ಹೇರಿದೆ. ಎಲ್ಲವನ್ನೂ ಹೊತ್ತುಕೊಂಡು ತಣ್ಣಗೆ ಓಡಿತು. ಎಲ್ಲೂ ತಪ್ಪು ಸಿಗದೆ ಅನುಮಾನ ಇನ್ನೂ ಹೆಚ್ಚಾಯಿತು.

ಭಾನುವಾರ ದುರುಗಕ್ಕ ತಾನಾಗಿಯೇ ಬಂದಳು. ಅವ್ವನನ್ನು ಮಾತಾಡಿಸಿ, ಮಂಡಕ್ಕಿ ತಟ್ಟೆ ಹಿಡಿದು, ನೇರ ನನ್ನ ಕುರ್ಚಿಯಲ್ಲಿ ಕೂತಳು. ಪೆನ್ ಡ್ರೈವ್ ಚುಚ್ಚಿ, ನನ್ನ ಸರ್ವರುಗಳ ಪಕ್ಕದಲ್ಲೇ ತನ್ನ ಹೆಸರಿನವನ್ನು ಸಾಲಾಗಿ ಹುಟ್ಟಿಸತೊಡಗಿದಳು.

ಕೊನೆಗೆ ಕೇಳಿಯೇಬಿಟ್ಟೆ. "ಅಕ್ಕಾ, ನೀವೂ ಅರ್ಜಿ ಹಾಕೀರಂತೆ. ಇರೋದು ಒಂದೇ ಕೆಲಸ. ಮತ್ತೆ ನನಗ್ಯಾಕೆ ಇಷ್ಟು ಒಳ್ಳೇದು ಆರಿಸಿಕೊಟ್ರಿ?"

ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಕೊಳ್ಳಾಕೆ ನನ್ ಕೈಲಿ ಆಗಲ್ಲ, ನೀನು ಕೊಂಡೆ. ಕೆಟ್ಟದ್ದು ಕೊಡಿಸಿದ್ರೆ ನಾನೆಲ್ಲಿ ಕಲೀಲಿ? ಆಚೆ ಸರಕೊಂಡು ಕೂತ್ಕೋ."