ಅಡ್ಡ ಬಂದ ಕೈ

ಒಂದು ಮಾತು ಕೇಳುತ್ತೇನೆ, ಜಾಣರಿದ್ದರೆ ಹೇಳಿ. ಕಾರಿನ ಮೂತಿ ಮುಂದಿನ ಗಾಡಿಗೆ ಗುದ್ದಿ ಒಳಗೆ ಹೋಗಿದೆ. ದೀಪದ ಗಾಜು ಪುಡಿಯಾಗಿ ರಸ್ತೆ ತುಂಬ ಬಿದ್ದಿದೆ. ಆದರೆ ಅದೇ ಕಾರಿನಲ್ಲಿ ಕೂತ ಮುದುಕಿಯ ತೊಡೆಯ ಮೇಲಿನ ಪಾತ್ರೆಯಿಂದ ಕಟ್ಟಿನ ಸಾರು ಒಂದು ಹನಿಯೂ ಚೆಲ್ಲಿಲ್ಲ. ಯಾಕೆ?

ಮುದುಕಿ ಪಾತ್ರೆಯನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದಳು, ಅದಕ್ಕೆ. ಅಷ್ಟೇ. ಇದರಲ್ಲಿ ವಿಚಿತ್ರವೇನೂ ಇಲ್ಲ. ವಿಚಿತ್ರವೇನಿದ್ದರೂ ಅಲ್ಲಿಗೆ ಬಂದ ಮೂರನೆಯ ಕೈಯದು.

ಜಮಖಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಇದನ್ನು ಬರೆಯುತ್ತಿದ್ದೇನೆ. ಸೊಸೆ ಟೈಪ್ ಮಾಡುವುದನ್ನು ಕಲಿಸಿ ಇನ್ನೂ ಎರಡು ತಿಂಗಳಾಗಿಲ್ಲ. "ಅತ್ತಿ, ಇನ್ನ ನಿಮ್ಮ ಬಾಯಿಗೆ ಸ್ವಲ್ಪ ಸೂಟಿ ಸಿಗತೈತಿ ನೋಡ್ರಿ" ಎಂದು ಆಕೆಗೆ ಸಂತೋಷ.

ದೆವ್ವ, ಆತ್ಮ ಎಂಬುದನ್ನು ನಾನು ಎಂದೂ ನಂಬಿದವಳಲ್ಲ. ನಮ್ಮ ಓಣಿಯ ಒಬ್ಬಾಕೆ, ತೀರಿಹೋದ ಗಂಡ ಬೆಳಗಿನ ಹೊತ್ತು ಕೆಮ್ಮುವುದು ಕೇಳಿಸುತ್ತದೆ ಎಂದಾಗ, "ಹೋಗುಮುಂದ ಕೆಮ್ಮಿನ ಔಷಧಾನೂ ಕೂಡ ಇಟ್ಟು ಕಳಿಸಬೇಕಿತ್ತಲ್ಲ ಬೇ" ಎಂದು ನಕ್ಕವಳು ನಾನು. ಆಕೆ ಒಂದು ತಿಂಗಳು ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಈಗ ಆಕೆಯನ್ನು ಕಂಡರೆ ನಾನೇ ತಲೆ ತಗ್ಗಿಸುತ್ತೇನೆ.

ಮೊದಲು ನಮ್ಮ ಮನೆಯವರ ಬಗ್ಗೆ ಹೇಳಬೇಕು. ಅವರು ಜಮಖಂಡಿಯಿಂದ ಸಾವಳಗಿಗೆ ಬಾಡಿಗೆ ಜೀಪು ಹೊಡೆಯುತ್ತಿದ್ದರು. ಎಂಟು ಮಂದಿಯ ಜೀಪಿನಲ್ಲಿ ಹದಿನೆಂಟು ಮಂದಿ ತುಂಬುತ್ತಿದ್ದ ಕಾಲ. ಬ್ರೇಕ್ ಹಾಕಿದಾಗಲೆಲ್ಲ ಪಕ್ಕದಲ್ಲಿ ಕೂತವರ ಎದೆಗೆ ಅಡ್ಡವಾಗಿ ಕೈ ಚಾಚುವುದು ಅವರ ರೂಢಿ. ಕೈಯಲ್ಲಿ ಒಂದು ದಪ್ಪನೆಯ ತಾಮ್ರದ ಕಡಗ. ಅದು ಎದೆಗೆ ಒತ್ತಿತೆಂದರೆ ಎರಡು ದಿನ ಕೆಂಪು ಹೋಗುತ್ತಿರಲಿಲ್ಲ. ಜೀಪು ಮಾರಿದ ಮೇಲೂ ಆ ಚಟ ಬಿಡಲಿಲ್ಲ. ಮುಧೋಳದ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದಾಗ ಡ್ರೈವರ್ ಬ್ರೇಕ್ ಒತ್ತಿದರೆ ಸಾಕು, ಇವರ ಕೈ ನನಗೆ ಅಡ್ಡ ಬರುತ್ತಿತ್ತು. ಮಂದಿ ನೋಡುತ್ತಾರೆ ಎಂದು ನಾನು ತಳ್ಳಿಬಿಡುತ್ತಿದ್ದೆ. ಎಷ್ಟು ಸಲ ತಳ್ಳಿದೆನೋ.

ಮಗಳು ಸುನಂದಾಗೆ ಜೀಪು ಕಲಿಸಿದವರೂ ಅವರೇ. ಆಗ ನಮ್ಮ ಮನೆಯಲ್ಲಿ ಒಂದು ಮುಧೋಳ ನಾಯಿ ಇತ್ತು. ಬಿಜಲಿ ಅಂತ ಹೆಸರು. ನಾನು ಬಡಿದ ಬಿಸಿ ರೊಟ್ಟಿಯಲ್ಲಿ ಮೊದಲನೆಯದು ನಾಯಿಗೆ, ಎರಡನೆಯದು ಇವರಿಗೆ. ಸುನಂದಾ ಹತ್ತೊಂಬತ್ತು ವರ್ಷದವಳಿದ್ದಾಗ ಒಂದು ಮಧ್ಯಾಹ್ನ, ಅಪ್ಪ ಊರಲ್ಲಿ ಇಲ್ಲದ ಹೊತ್ತು, ಜೀಪನ್ನು ಹಿಂದಕ್ಕೆ ತೆಗೆದಳು. ಚಕ್ರದ ನೆರಳಿನಲ್ಲಿ ಮಲಗಿದ್ದ ಬಿಜಲಿ ಮತ್ತೆ ಏಳಲಿಲ್ಲ.

ಇವರು ಬಂದರು. ಬೈಯಲಿಲ್ಲ, ಹೊಡೆಯಲಿಲ್ಲ. ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಹೊಲದಲ್ಲಿ ಹೂಳಿ ಬಂದರು. ಕೈಕಾಲು ತೊಳೆದು ನನಗೆ ಹೇಳಿದರು, "ಇನ್ನ ಆಕಿ ನನ್ನ ಕೂಡ ಮಾತಾಡೂದು ಬ್ಯಾಡ ಅಂತ ಹೇಳು." ಸುನಂದಾ ಎರಡು ಮಾರು ದೂರದಲ್ಲೇ ನಿಂತಿದ್ದಳು. ಅವಳೂ ನನಗೇ ಹೇಳಿದಳು, "ನಾಯಿಕಿಂತ ನಾ ಕಡಿಮಿ ಆದ್ನೇನ ಅಂತ ಕೇಳವ್ವ ಅವಂಗ."

ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಹನ್ನೊಂದು ವರ್ಷ ಹಾಗೇ ಹೋಯಿತು. ಇಬ್ಬರೂ ಒಂದೇ ಹಟದವರು. ಅವಳು ನರ್ಸಿಂಗ್ ಓದಿದಳು, ಇವರೇ ಓದಿಸಿದರು. ಅವಳ ಮದುವೆಯಾಯಿತು, ಇವರೇ ನಿಂತು ಮಾಡಿದರು. ಅಕ್ಕಿಕಾಳು ಹಾಕಿದರು, ಒಂದು ಮಾತು ಆಡಲಿಲ್ಲ. ಗಂಡಹೆಂಡತಿ ಇಬ್ಬರಿಗೂ ಮಸ್ಕತ್ತಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಹೊರಟಾಗ ಇವರು ಬಸ್ ಸ್ಟ್ಯಾಂಡಿನ ತನಕ ಟ್ರಂಕು ಹೊತ್ತರು. ಆಮೇಲೆ ಫೋನು ಬಂದಾಗಲೆಲ್ಲ ನನ್ನ ಮಗ್ಗುಲಿಗೆ ಬಂದು ಕೂರುತ್ತಿದ್ದರು. "ಆಕಿ ಉಂಡಾಳೇನು ಕೇಳು." ನಾನು ಕೇಳುತ್ತಿದ್ದೆ. "ಉಂಡೇನಿ ಅಂತ ಹೇಳು." ನಾನು ಹೇಳುತ್ತಿದ್ದೆ. ಇಬ್ಬರಿಗೂ ಒಬ್ಬರ ದನಿ ಒಬ್ಬರಿಗೆ ಕೇಳುತ್ತಿತ್ತು. ಆದರೂ ಹೀಗೇ.

ಆಮೇಲೆ ಇವರು ಹೋಗಿಬಿಟ್ಟರು. ಎದೆ ನೋವು ಎಂದರು, ಮೂರನೆಯ ದಿನಕ್ಕೆ ಇಲ್ಲ. ಸುನಂದಾಗೆ ಆಗ ಎಂಟು ತಿಂಗಳು ತುಂಬಿತ್ತು, ವಿಮಾನ ಹತ್ತಲು ಬಿಡಲಿಲ್ಲ. ಮಗ ಫೋನಿನಲ್ಲಿ ಅಪ್ಪನ ಮುಖ ತೋರಿಸಿದ. ಫೋನು ಅಲ್ಲಾಡಿ ಮುಖ ಸರಿಯಾಗಿ ಕಾಣಲೂ ಇಲ್ಲವಂತೆ. ಅಂದಿನಿಂದ ಪ್ರತಿ ಸಲ ಫೋನು ಮಾಡಿದಾಗ ಅವಳು ಕೇಳುವುದು ಒಂದೇ. "ಅಪ್ಪ ನನ್ನ ಬಗ್ಗೆ ಏನರ ಅಂದನೇನವ್ವಾ?"

ಏನೂ ಅಂದಿರಲಿಲ್ಲ. ಕೊನೆಯದಾಗಿ ಕೇಳಿದ್ದು, ಹಿತ್ತಲ ಬಾಗಿಲು ಹಾಕಿ ಬಂದಿದ್ದೀಯಾ ಎಂದು. ಸುಳ್ಳು ಹೇಳುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಅತ್ತೆಗೆ, ನಾದಿನಿಯರಿಗೆ, ಡಾಕ್ಟರಿಗೂ ಹೇಳಿದ್ದೇನೆ. ಆದರೆ ಆ ಒಂದು ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲವಾ" ಎನ್ನುತ್ತಿದ್ದೆ.

ಇವರು ತೀರಿದ ಎರಡನೆಯ ವರ್ಷದ ದಿನ ನಾನು ಮಸ್ಕತ್ತಿನಲ್ಲಿದ್ದೆ. ಮೊಮ್ಮಗಳನ್ನು ನೋಡಲು ಮೊದಲ ಸಲ ಹೋದದ್ದು. ಆ ಮಾತಿಗೆ ಈಗ ನಾಲ್ಕು ವರ್ಷವಾಯಿತು. ತೀರಿದವರ ದಿನ ಅಯ್ಯನವರನ್ನು, ಎಂದರೆ ಜಂಗಮರನ್ನು, ಕರೆದು ಉಣಿಸುವುದು ನಮ್ಮ ಮನೆಯ ಪದ್ಧತಿ. ಆ ಮರಳಿನ ನಾಡಿನಲ್ಲಿ ಅಯ್ಯನವರನ್ನು ಎಲ್ಲಿಂದ ತರುವುದು? ನಾನು ಬಿಡು ಎಂದೆ. ಸುನಂದಾ ಬಿಡಲಿಲ್ಲ. "ಮಣ್ಣಿಗೂ ಬರಲಿಲ್ಲ, ಒಂದು ತುತ್ತರ ನನ್ನ ಕೈಯಿಂದ ಹೋಗಲಿ" ಎಂದಳು. ಎಂಟು ದಿನ ಅಲ್ಲಿ ಇಲ್ಲಿ ಫೋನು ಹಚ್ಚಿ ಒಬ್ಬರನ್ನು ಹುಡುಕಿದಳು. ಬೀಳಗಿ ಕಡೆಯ ಅಯ್ಯನವರ ಮನೆತನದವರು, ಒಂದೂವರೆ ತಾಸಿನ ದಾರಿಯಲ್ಲಿ ಒಂದು ದೊಡ್ಡ ಗೋದಾಮಿನಲ್ಲಿ ಕೆಲಸ. ಬಿಟ್ಟು ಬರಲು ರಜೆ ಇಲ್ಲ, ಊಟದ ಹೊತ್ತಿಗೆ ನೀವೇ ಬನ್ನಿ ಎಂದಿದ್ದರು.

ಬೆಳಿಗ್ಗೆ ಎದ್ದು ಹೋಳಿಗೆ ಮಾಡಿದೆವು. ಬೇಳೆ ಬಸಿದ ಕಟ್ಟಿನಲ್ಲಿ ಸಾರು ಮಾಡಿದೆ. ಅಲ್ಲಿಯ ಪಾತ್ರೆಯ ಮುಚ್ಚಳ ಸಡಿಲ. ಅದಕ್ಕೆ ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದು ಕೂತೆ. ಮೊಮ್ಮಗಳನ್ನು ನೋಡಿಕೊಳ್ಳಲು ಅಳಿಯ ಮನೆಯಲ್ಲಿ ಉಳಿದರು. ಆ ದೇಶದಲ್ಲಿ ಡ್ರೈವರ್ ಕೂರುವುದು ಎಡಕ್ಕೆ. ನನ್ನನ್ನು ಬಲಕ್ಕೆ ಕೂರಿಸಿ ಬೆಲ್ಟು ಬಿಗಿದಳು. ನಮ್ಮೂರಲ್ಲಿ ಸ್ಟೇರಿಂಗ್ ಇರುವ ಜಾಗದಲ್ಲಿ ಸಾರಿನ ಪಾತ್ರೆ ಹಿಡಿದು ನಾನೇ ಗಾಡಿ ಹೊಡೆಯುವವಳ ಹಾಗೆ ಕೂತಿದ್ದೆ.

ಅರ್ಧ ದಾರಿಯಲ್ಲಿ ಒಂದು ದುಂಡು ಸರ್ಕಲ್ಲು ಬಂತು. ನಮ್ಮ ಮುಂದೆ ಒಂದು ಪಿಕಪ್ ಗಾಡಿ, ಅದರ ಹಿಂಬದಿಯಲ್ಲಿ ನಾಲ್ಕು ಮೇಕೆ. ಸುನಂದಾ ರಸ್ತೆಯ ಕಡೆಯೇ ನೋಡುತ್ತಿದ್ದಳು, ಆದರೆ ಮನಸ್ಸು ಎಲ್ಲಿತ್ತೋ. ಪಿಕಪ್ ನಿಂತುಬಿಟ್ಟಿತು. ಅವಳು ಜೋರಾಗಿ ಬ್ರೇಕ್ ಒತ್ತಿದಳು. ಆದರೂ ಧಡ್ ಎಂದಿತು. ಮೇಕೆಗಳು ಕೂಗಿದವು. ಆಮೇಲೆ ಎಲ್ಲ ಸುಮ್ಮನಾಯಿತು. ಕೆಳಗೆ ನೋಡಿದೆ, ಸಾರು ಹಾಗೇ ಇತ್ತು.

ಪಿಕಪ್ಪಿನಿಂದ ಬಿಳಿ ಗಡ್ಡದ ಹಿರಿಯರೊಬ್ಬರು ಇಳಿದು ಬಂದರು. ಜಗಳಕ್ಕೆ ಬಂದರೆ ಏನು ಹೇಳಬೇಕೆಂದು ಜಮಖಂಡಿ ಸಂತೆಯ ಹಿಂದಿಯನ್ನೆಲ್ಲ ನಾನು ಬಾಯಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಅವರು ಕಿಟಕಿಯಲ್ಲಿ ಬಗ್ಗಿ, "ಅಮ್ಮಾ ಠೀಕ್? ಬೇಟಿ ಠೀಕ್?" ಎಂದರು. ತಪ್ಪು ನಮ್ಮದು, ವಿಚಾರಣೆ ಅವರದು. ಸಣ್ಣ ಗುದ್ದು, ಯಾರಿಗೂ ಪೆಟ್ಟಿಲ್ಲ, ಇಬ್ಬರೂ ಒಂದು ಕಾಗದ ತುಂಬಿ ಸಹಿ ಮಾಡಿದರೆ ಆಯಿತಂತೆ. ಗಾಡಿಗಳನ್ನು ಬದಿಗೆ ಹಚ್ಚಿದರು. ಸುನಂದಾಳ ಕೈಯಿಂದ ಪೆನ್ನು ಎರಡು ಸಲ ಬಿತ್ತು. ನಾನು ಒಂದು ಹೋಳಿಗೆ ತೆಗೆದು ಅವಳಿಗೆ ಮೂರು ಸುತ್ತು ನೀವಳಿಸಿ ಮೇಕೆಗೆ ಹಾಕಿದೆ. ಆ ಹಿರಿಯರು ಇದೇನೆಂದು ಕಣ್ಣರಳಿಸಿ ನೋಡಿ, ನನಗೊಂದು ಹಿಡಿ ಖರ್ಜೂರ ಕೊಟ್ಟು ಹೋದರು.

ಅವರು ಹೋದ ಮೇಲೆ ಸುನಂದಾ ಕಾರಿನಲ್ಲಿ ಕೂತು ಎದೆ ತಿಕ್ಕಿಕೊಂಡಳು.

"ಅಷ್ಟು ಜೋರ ಯಾಕ ಕೈ ಅಡ್ಡ ಹಿಡದಿ ಬೇ? ನಿನ್ನ ಕೈಯಾನ ಬಳಿ ಒತ್ತಿ ನೋಯಾಕತ್ತೈತಿ."

"ನಾ ಎಲ್ಲಿ ಹಿಡದೆ? ನನ್ನ ಎರಡೂ ಕೈ ಸಾರಿನ ಮ್ಯಾಲ ಇದ್ದುವು."

"ಸುಳ್ಳ ಹೇಳಬ್ಯಾಡ. ಕೈ ಬಂತಂತನ ನಾ ಬ್ರೇಕ್ ಒತ್ತಿದೆ. ಅಲ್ಲಿ ತನಾ ಮುಂದಿನ ಗಾಡಿ ನನಗ ಕಂಡಿದ್ದ ಇಲ್ಲ."

ನಾನು ಎರಡೂ ಮುಂಗೈ ಎತ್ತಿ ತೋರಿಸಿದೆ. ಇವರು ಹೋದ ದಿನ ಒಡೆದ ಮೇಲೆ ನಾನು ಬಳೆ ಹಾಕಿಯೇ ಇಲ್ಲ. ಆ ದಿನ ಅವಳು ಅಲ್ಲಿರಲಿಲ್ಲ, ನೋಡಿರಲಿಲ್ಲ. ನಾನು ಬಂದು ಇಪ್ಪತ್ತು ದಿನವಾಗಿದ್ದರೂ ಅವಳ ಕಣ್ಣಿಗೆ ನನ್ನ ಬೋಳು ಕೈ ಬಿದ್ದಿರಲಿಲ್ಲವೋ, ಬಿದ್ದರೂ ಮನಸ್ಸು ಒಪ್ಪಿರಲಿಲ್ಲವೋ. ಅವಳು ನನ್ನ ಮುಂಗೈ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಇಬ್ಬರಿಗೂ ಒಂದೇ ಕಡಗ ನೆನಪಾಯಿತು. ಆಮೇಲೆ ಅವಳು ಸ್ಟೇರಿಂಗಿನ ಮೇಲೆ ತಲೆ ಇಟ್ಟು ಅತ್ತಳು. ಎರಡು ವರ್ಷದಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ಫೋನಿನಲ್ಲೂ ಕೇಳಿರಲಿಲ್ಲ. ತಲೆ ಸವರೋಣವೆಂದರೆ, ಮತ್ತೆ ಪಾತ್ರೆಗೆ ಹೋದ ನನ್ನ ಕೈ ಅದನ್ನು ಬಿಟ್ಟು ಏಳಲೊಲ್ಲದು.

ಮೂತಿ ಒಡೆದ ಕಾರಿನಲ್ಲೇ ಮೆಲ್ಲಗೆ ಅಯ್ಯನವರ ಹತ್ತಿರ ಹೋದೆವು. ಮೂವತ್ತರ ಆಸುಪಾಸಿನವರು. ಕೈ ತೊಳೆದು, ಅಂಗಿಯ ಜೇಬಿನಿಂದ ವಿಭೂತಿ ತೆಗೆದು ಹಚ್ಚಿಕೊಂಡು, ಗೋದಾಮಿನ ನೆರಳಲ್ಲಿ ಊಟಕ್ಕೆ ಕೂತರು. ನನಗೆ ತಡೆಯಲಾಗಲಿಲ್ಲ. ನಡೆದದ್ದನ್ನು ಹೇಳಿ, ಇದು ಏನಿರಬಹುದು ಎಂದು ಕೇಳಿದೆ.

"ಯವ್ವಾ, ನಾ ದಿನಾ ಪೆಟ್ಟಿಗಿ ಎತ್ತಿ ಇಡಾಂವ. ಇಂಥಾದೆಲ್ಲಾ ನಮ್ಮ ಮುತ್ಯಾಗ ತಿಳೀತಿತ್ತು, ನನಗ ತಿಳಿಯಂಗಿಲ್ರಿ" ಎಂದರು. ಸಾರು ಸುರಿದುಕೊಂಡು ಒಂದು ತುತ್ತು ಬಾಯಿಗಿಟ್ಟವರು ಹಾಗೇ ಕೂತುಬಿಟ್ಟರು. ಕಣ್ಣು ತುಂಬಿತ್ತು. "ಮೂರು ವರ್ಷ ಆತ್ರಿ ಇದನ್ನ ಉಂಡು" ಎಂದರು. ಸುನಂದಾ ಮತ್ತೆ ಬಡಿಸಿದಳು. ಅವರು ಬೇಡವೆನ್ನಲಿಲ್ಲ.

ಸಂಜೆ ಬಟ್ಟೆ ಬದಲಿಸುವಾಗ ಅವಳ ಎದೆಯ ಮೇಲಿನ ಕೆಂಪು ಗುರುತು ನೋಡಿದೆ. ಬೆಲ್ಟಿನ ಗೀರು ಎಡ ಹೆಗಲಿನಿಂದ ಓರೆಯಾಗಿ ಇಳಿದಿತ್ತು. ಅದರ ಮೇಲೆ ಇನ್ನೊಂದು, ನೆಟ್ಟಗೆ ಅಡ್ಡ. ಅವಳು ನರ್ಸು. ಬೆರಳಿನಿಂದ ಒತ್ತಿ ನೋಡಿಕೊಂಡು, "ಬೆಲ್ಟಿಂದ ಇರಬೇಕು ಬಿಡ" ಎಂದಳು. ಮರುದಿನಕ್ಕೆ ಎರಡೂ ಮಾಸಿದ್ದವು. ಆ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಆದರೆ ಒಂದು ಆಯಿತು. ಅಪ್ಪ ನನ್ನ ಬಗ್ಗೆ ಏನಾದರೂ ಅಂದನೇ ಎಂದು ಅಂದಿನಿಂದ ಇಂದಿನವರೆಗೆ ಅವಳು ಕೇಳಿಲ್ಲ.

ನಿಮ್ಮ ಮುಂದೆ ಮುಚ್ಚುಮರೆ ಏಕೆ? ನನಗೆ ಹೊಟ್ಟೆಕಿಚ್ಚಾಯಿತು. ಅದೇ ಕಾರಿನಲ್ಲಿ ನಾನೂ ಇದ್ದೆ. ನನಗೂ ಗುದ್ದು ಬಿತ್ತು. ನಲವತ್ತೊಂದು ವರ್ಷ ಅವರ ಜೊತೆ ಬಾಳಿದವಳು ನಾನು. ನನಗೆ ಯಾವ ಕೈಯೂ ಅಡ್ಡ ಬರಲಿಲ್ಲ. ಬಸ್ಸಿನಲ್ಲಿ ಅಷ್ಟು ಸಲ ತಳ್ಳಿದ್ದಕ್ಕೆ ಇರಬಹುದೇ ಎಂದು ಒಬ್ಬಳೇ ಕೂತು ಅತ್ತೂ ಇದ್ದೇನೆ. ಊರಿಗೆ ಬಂದವಳೇ ಕಪಾಟಿನ ಡಬ್ಬಿ ತೆಗೆದು ನೋಡಿದೆ. ಕಡಗ ಇಟ್ಟಲ್ಲೇ ಇತ್ತು. ತಣ್ಣಗಿತ್ತು. ಎಷ್ಟೋ ಹೊತ್ತು ಅದನ್ನು ಕೈಯಲ್ಲಿ ಹಿಡಿದು ಕೂತೆ. ಏನೂ ಆಗಲಿಲ್ಲ.

ಬೆಲ್ಟೇ ಇರಬೇಕು. ಅಮ್ಮನ ಬಳೆಯ ಕೈ ಎಂಬುದು ಅವಳ ಹಳೆಯ ನೆನಪು ಇರಬೇಕು. ಹೆದರಿದಾಗ ಮನಸ್ಸು ಏನು ಬೇಕಾದರೂ ಕಟ್ಟಿಕೊಳ್ಳುತ್ತದೆ ಎಂದು ತಿಳಿದವರು ಹೇಳುತ್ತಾರೆ. ಆದರೆ ಕಾಣದ ಗಾಡಿಗೆ ಅವಳು ಬ್ರೇಕ್ ಒತ್ತಿದ್ದು ಹೇಗೆ? ಅದು ನನಗೆ ಇನ್ನೂ ಬಗೆಹರಿದಿಲ್ಲ.

ಇಷ್ಟು ಬರೆದು ನಿನ್ನೆ ಸುನಂದಾಗೆ ಫೋನು ಮಾಡಿ ಓದಿ ಹೇಳಿದೆ. ಕೊನೆಗೆ, ಮಂದಿ ನಗಬಾರದು, ಅದೆಲ್ಲ ಬರೀ ಬೆಲ್ಟು ಎಂದೇ ಬರೆದು ಮುಗಿಸುತ್ತೇನೆ ಎಂದೆ. ಅವಳು ಅಂದಳು:

"ಹನ್ನೊಂದು ವರ್ಷ ಅಪ್ಪನ ಮಾತೆಲ್ಲಾ ನಿನಗ ಸಿಕ್ಕುವು. ಇದೊಂದರ ನನಗ ಬಿಡ ಬೇ."