ರೂಪಾಳ ಎಡಗೆನ್ನೆ

೧೯೭೨ರಲ್ಲಿ ನಾನು ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಮೇಕಪ್‌ಮ್ಯಾನ್. ದೊಡ್ಡ ತಾರೆಯರು ನಮ್ಮ ಕಡೆ ಸುಳಿಯುತ್ತಿರಲಿಲ್ಲ. ಕುದುರೆ, ಚಾಕು, ಕ್ಲಬ್ ಡಾನ್ಸ್ ತುಂಬಿದ ಅಗ್ಗದ ಹಿಂದಿ ಸ್ಟಂಟ್ ಚಿತ್ರಗಳೇ ನಮ್ಮ ಅನ್ನ. ಅವುಗಳ ಹೀರೋಯಿನ್ ರೂಪಾ. ಕೆಲವು ವರ್ಷಗಳ ಹಿಂದೆ ಸೋಪು, ಸೀರೆಗಳ ಕ್ಯಾಲೆಂಡರಿನಲ್ಲಿ ನಗುತ್ತಿದ್ದ ಮಾಡೆಲ್. ಊರು ಬೆಳಗಾವಿ, ಮನೆಯಲ್ಲಿಟ್ಟ ಹೆಸರು ನಿಂಗವ್ವ. ನಾನು ಧಾರವಾಡದವನಾದ್ದರಿಂದ ಮೇಕಪ್ ಕುರ್ಚಿಯಲ್ಲಿ ಕೂತರೆ ಅವಳ ಬಾಯಿಗೆ ಕನ್ನಡ ಬರುತ್ತಿತ್ತು.

ಒಂದು ಸೋಮವಾರ ಅವಳ ಎಡಗೆನ್ನೆ ಊದಿ ನೀಲಿಗಟ್ಟಿತ್ತು. ಗಂಡನ ಕೆಲಸ. ಮುಚ್ಚಲು ಹೊರಟರೆ ಡೈರೆಕ್ಟರ್ ತಡೆದ. ವಿಲನ್ ಅವಳನ್ನು ಕಟ್ಟಿಹಾಕುವ ದೃಶ್ಯಕ್ಕೆ ಇದೇ ಸರಿ, ಅಸಲಿಯಂತೆ ಕಾಣುತ್ತದೆ ಎಂದು ಖುಷಿಪಟ್ಟ. ಅದು ಅಸಲಿಯೇ ಎಂದು ಆ ಮಹಾಶಯನಿಗೆ ಹೇಳುವವರು ಯಾರು?

ಸಿನಿಮಾದಲ್ಲಿ ಕಂಟಿನ್ಯೂಟಿ ಎಂಬುದೊಂದಿದೆ. ಒಂದು ದೃಶ್ಯವನ್ನು ವಾರವಿಡೀ ತೆಗೆದರೂ ಮೊದಲ ದಿನದ ಗಾಯ ಕೊನೆಯ ದಿನವೂ ಹಾಗೆಯೇ ಕಾಣಬೇಕು. ರೂಪಾಳ ಗಾಯ ಮಾಗುತ್ತ ಹಸಿರು, ಹಳದಿಗೆ ತಿರುಗಿತು. ನಾನು ದಿನಾ ಅದರ ಮೇಲೆ ಸೋಮವಾರದ ನೀಲಿ ಬಳಿದೆ. ನನ್ನ ಕಸುಬಿನ ಬಗ್ಗೆಯೇ ಹೇಸಿಕೆಯಾಯಿತು.

ಶುಕ್ರವಾರ ಸಂಜೆ ಶಿಫ್ಟ್ ಮುಗಿಯುವಷ್ಟರಲ್ಲಿ ಸಾಂತಾಕ್ರೂಜ್‌ನಿಂದ ಅವಳ ಪಕ್ಕದ ಮನೆಯಾಕೆ ಫೋನ್ ಮಾಡಿದಳು. ಗಂಡ ಕುಡಿದು ಬಂದು, ಪುಟ್ಟ ಮಗಳನ್ನು ಒಳಗೆ ಎಳೆದುಕೊಂಡು ಬಾಗಿಲು ಜಡಿದಿದ್ದ. ರೂಪಾ ಬಣ್ಣವನ್ನೂ ತೆಗೆಯದೆ ಪೊಲೀಸರಲ್ಲಿಗೆ ಓಡಿದಳು. ಹೋದ ಟ್ಯಾಕ್ಸಿಯಲ್ಲೇ ತಿರುಗಿ ಬಂದಳು.

"ಅಣ್ಣಾ, ಇನ್‌ಸ್ಪೆಕ್ಟರ್ ಗಲ್ಲಕ್ಕ ಬೆರಳ ಹಚ್ಚಿ ನೋಡಿದಾ. ಬಣ್ಣ ಬಂತು. 'ಯೇ ತೋ ಮೇಕಪ್ ಹೈ' ಅಂತ ಎಲ್ಲಾರೂ ನಕ್ಕರು. ಕೂಸು ಒಳಗ ಐತಿ. ನೀ ಬಾ!"

ತೆಂಗಿನೆಣ್ಣೆ, ಹತ್ತಿ ಹಿಡಿದು ಹೊರಟೆ. ಇನ್‌ಸ್ಪೆಕ್ಟರನ ಮೇಜಿನೆದುರಿಗೇ ಅವಳನ್ನು ಕೂರಿಸಿ ಕೆನ್ನೆ ಒರೆಸಿದೆ. ನೀಲಿಯೆಲ್ಲ ಹತ್ತಿಗೆ ಬಂತು. ಅಡಿಯ ಹಸಿರು, ಹಳದಿ, ಗಂಡನ ಉಂಗುರದ ಗುರುತು ಸಮೇತ ಹಾಗೇ ಉಳಿಯಿತು. ಅವಳು ಹಲ್ಲುಕಚ್ಚಿ ಕೂತಿದ್ದಳು.

"ಅಬ್ ಉಂಗ್ಲಿ ಲಗಾಕೆ ದೇಖಿಯೇ, ಸಾಬ್" ಎಂದೆ.

ಈಗ ಹಚ್ಚಿ ನೋಡಿ ಎಂದರೂ ಅವನು ಬೆರಳು ಎತ್ತಲಿಲ್ಲ. ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಕಳಿಸಿದ. ಮಗು ಸಿಕ್ಕಿತು, ಆದರೆ ತೋಳು ಮುರಿದಿತ್ತು. ಅವಳು ಮೊದಲ ಸಲ ಹೋದಾಗಲೇ ಅವರು ಹೊರಟಿದ್ದರೆ ಆ ತೋಳು ಉಳಿಯುತ್ತಿತ್ತೇನೋ. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರೂಪಾ ಕೇಳಿದಳು: "ನಾಳೆ ಕಡೀ ಶಾಟ್ ಐತಿ. ಅದ ನೀಲಿ ಹಚ್ಚತಿಯಲ್ಲ, ಅಣ್ಣಾ?"

ಹಚ್ಚಿದೆ. ಚಿತ್ರ ತೆರೆಕಂಡಾಗ ಆ ದೃಶ್ಯಕ್ಕೆ ಜನ ಸಿಳ್ಳೆ ಹೊಡೆದರು. ಆಮೇಲೆ ಅವಳಿಗೆ ಸಿಕ್ಕಿದ್ದೆಲ್ಲ ಹೊಡೆಸಿಕೊಳ್ಳುವ ಪಾತ್ರಗಳೇ.

ಅಂದಿನಿಂದ ನಿವೃತ್ತನಾಗುವವರೆಗೂ, ಯಾವ ನಟಿಗೆ ಗಾಯ ಬರೆಯಲು ಹೇಳಿದರೂ ಮೊದಲು ಆ ಬರಿಮುಖವನ್ನು ಬೆಳಕಿಗೆ ತಿರುಗಿಸಿ ನೋಡುತ್ತಿದ್ದೆ. "ಮನ್ಯಾಗ ಎಲ್ಲಾ ಆರಾಮ ಏನವಾ?" ಎಂದು ಕೇಳಿ, ಉತ್ತರ ಬಂದ ಮೇಲೆಯೇ ಬ್ರಷ್ ಮುಟ್ಟುತ್ತಿದ್ದೆ.