ಮೂರು ಹೊತ್ತು ನೋಡಿ ಕೊಂಡ ಗಾಡಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ರಶ್ಮಿ ನಮ್ಮ ಗೇಟಿನ ಮೇಲಿಂದ ಮೊಬೈಲು ಚಾಚಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ ಕೊಳ್ಳಬೇಕೆಂದು ಹದಿನೈದು ದಿನದಿಂದ ಹುಡುಕುತ್ತಿದ್ದಾಳೆ. ಸ್ಕೂಟರ್ ಬೇಡವಂತೆ, ಬೈಕೇ ಆಗಬೇಕಂತೆ.

"ಅಂಕಲ್, ಈ ವಿಡಿಯೋ ನೋಡಿ. ಬಟನ್ ಒತ್ತಿದ ತಕ್ಷಣ ಸ್ಟಾರ್ಟು. ಕಂಡೀಷನ್ ಸೂಪರ್ ಅಲ್ವಾ?"

ಕನ್ನಡಕ ಏರಿಸಿ ನೋಡಿದೆ. ಗಾಡಿ ಫಳಫಳ ಹೊಳೆಯುತ್ತಿತ್ತು. ನನ್ನ ಬಾಯಿಂದ ಪ್ರಶ್ನೆಯೊಂದು ತಾನಾಗಿಯೇ ಬಂತು: "ಸ್ಟಾರ್ಟ್ ಮಾಡೋಕೆ ಮುಂಚೆ ಇಂಜಿನ್ ಮುಟ್ಟಿ ನೋಡಿದ್ಯೇನಮ್ಮ? ಬೆಚ್ಚಗಿತ್ತಾ, ತಣ್ಣಗಿತ್ತಾ?"

"ಇಂಜಿನ್‌ಗೂ ಜ್ವರ ನೋಡ್ಬೇಕಾ ಅಂಕಲ್?" ಎಂದು ನಕ್ಕಳು.

ನೋಡಬೇಕು ಎಂದೆ. ಭಾನುವಾರ ಹೋಗಬೇಡ, ಮಾರುವವನು ಕೆಲಸಕ್ಕೆ ಹೊರಡುವ ದಿನ ಹೋಗು, ಬೆಳಿಗ್ಗೆ ಏಳಕ್ಕೇ ಹೋಗು, ಒಂದು ದಿನವಲ್ಲ, ಮೂರು ದಿನ ನೋಡು ಎಂದೆಲ್ಲ ಹೇಳಿದೆ. ನನ್ನದೇ ಕಥೆಯನ್ನೂ ಒಂದಿಷ್ಟು ಹೇಳಿದೆ. ಅವಳು ಕಣ್ಣರಳಿಸಿ ಕೇಳಿದಳು. ನಾನು ಸ್ವಲ್ಪ ಬೀಗಿಕೊಂಡೇ ಒಳಗೆ ಬಂದೆ. ಆಮೇಲೆ ತಿಂಡಿಗೆ ಕೂತಾಗ ಆ ಹಮ್ಮು ಇಳಿಯಿತು. ಯಾಕೆ ಅಂತ ನಿಮಗೆ ಹೇಳಬೇಕು.

ಎಪ್ಪತ್ತರ ದಶಕದ ನಡುವಿನ ಮಾತು. ಆಗತಾನೇ ನಾನು ಬಿ.ಎಸ್‌ಸಿ. ಪಾಸು ಮಾಡಿದ್ದೆ. ನಮ್ಮ ವಂಶದಲ್ಲೇ ಮೊದಲ ಡಿಗ್ರಿ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಹೊಸಹಳ್ಳಿಯಲ್ಲಿ ನಮ್ಮದು ಒಂದೇ ಸೂರು. ಮುಂದಿನರ್ಧ ಕೊಟ್ಟಿಗೆ, ಹಿಂದಿನರ್ಧ ಮನೆ. ಕೊಟ್ಟಿಗೆಯಲ್ಲಿ ಎರಡು ಹಸು. ಅಮ್ಮ ಹಾಲು ಕರೆಯುತ್ತಿದ್ದಳು, ನಾನು ಸೈಕಲ್ಲಿನಲ್ಲಿ ಗೋವಿಂದರಾಜನಗರದ ಮನೆಗಳಿಗೆ ಹಾಕಿ ಬಂದು ಕಾಲೇಜಿಗೆ ಹೋಗುತ್ತಿದ್ದೆ. ದಾರಿಯಲ್ಲಿ ಯಾರಾದರೂ ಸಹಪಾಠಿ ಕಂಡರೆ ಸೈಕಲ್ಲನ್ನು ಪಕ್ಕದ ಅಡ್ಡರಸ್ತೆಗೆ ತಿರುಗಿಸಿಬಿಡುತ್ತಿದ್ದೆ. ಹಾಲಿನ ಕ್ಯಾನು ಗಲಗಲ ಅಂದು ನನ್ನ ಗುಟ್ಟು ರಟ್ಟು ಮಾಡುತ್ತಿತ್ತು, ಅದು ಬೇರೆ ವಿಷಯ.

ಡಿಗ್ರಿ ಬಂದ ಮೇಲೆ ಒಂದು ಔಷಧಿ ಕಂಪೆನಿಯಲ್ಲಿ ರೆಪ್ರೆಸೆಂಟೇಟಿವ್ ಕೆಲಸ ಸಿಕ್ಕಿತು. ಟೈ ಕಟ್ಟಿಕೊಂಡು, ಬ್ಯಾಗು ಹಿಡಿದು, ಡಾಕ್ಟರುಗಳ ಬಳಿ ಹೋಗಿ ನಮ್ಮ ಮಾತ್ರೆ ಎಷ್ಟು ಒಳ್ಳೆಯದು ಎಂದು ಹೇಳುವ ಕೆಲಸ. ಒಂದು ಷರತ್ತಿತ್ತು. ಒಂದು ತಿಂಗಳೊಳಗೆ ಸ್ವಂತ ಗಾಡಿ ಇರಬೇಕು, ಮ್ಯಾನೇಜರು ಮನೆಗೇ ಬಂದು ಗಾಡಿ ನೋಡಿ ಸಹಿ ಹಾಕಿದ ಮೇಲೆ ನೇಮಕ ಖಾಯಂ. ಇಲ್ಲವಾದರೆ ಪಟ್ಟಿಯಲ್ಲಿ ಮುಂದಿನ ಹೆಸರು. ಹೊಸ ಸ್ಕೂಟರಿಗೆ ಹೆಸರು ಬರೆಸಿದವನಿಗೆ ಮದುವೆಯಾಗಿ, ಮಗ ಹುಟ್ಟಿ, ಆ ಮಗ ಶಾಲೆಗೆ ಸೇರಿದ ಮೇಲೆ ಗಾಡಿ ಬರುತ್ತಿದ್ದ ಕಾಲ ಅದು. ಹಳೆಯದೇ ಗತಿ.

ಅಮ್ಮ ಎರಡನೇ ಮಾತಾಡಲಿಲ್ಲ. "ಗೌರೀನ ಕೊಟ್ಬಿಡಣ" ಎಂದಳು. ಎರಡು ಹಸುಗಳಲ್ಲಿ ಗೌರಿಯೇ ಹೆಚ್ಚು ಹಾಲಿನದು. ಅದು ಹೋದರೆ ಮನೆಯ ಹಾಲಿನ ವರಮಾನದಲ್ಲಿ ಮುಕ್ಕಾಲು ಪಾಲು ಹೋದಂತೆ. ಅಂದರೆ ಗಾಡಿ ಕೈಕೊಟ್ಟರೆ ಹಸುವೂ ಇಲ್ಲ, ಕೆಲಸವೂ ಇಲ್ಲ.

ಬ್ಯಾಡರಹಳ್ಳಿಯಿಂದ ಒಬ್ಬರು ಹಸು ನೋಡಲು ಬಂದರು. ಹಿಂದಿನ ದಿನವೇ ಪಕ್ಕದ ಪುಟ್ಟಮ್ಮ ಬಂದು ಅಮ್ಮನ ಕಿವಿಯಲ್ಲಿ ಊದಿದ್ದಳು: "ಒಂದು ಹೊತ್ತು ಕರೀದೆ ಬಿಟ್ಬಿಡಕ್ಕ. ಕೆಚ್ಚಲು ಬಿಗಿದು ತುಂಬ್ಕೊಂಡು ಕಾಣುತ್ತೆ. ಎಲ್ಲಾರೂ ಮಾಡಾದೇ ಅದು."

"ನೋವು ಅದಕ್ಕೆ, ಪಾಪ ನಂಗೆ. ಬ್ಯಾಡ ಹೋಗೇ" ಎಂದಳು ಅಮ್ಮ. ಬಂದವರನ್ನು ಸಂಜೆ ಒಂದು ಹೊತ್ತು, ಬೆಳಿಗ್ಗೆ ಒಂದು ಹೊತ್ತು, ಮತ್ತೆ ಸಂಜೆ ಒಂದು ಹೊತ್ತು ಕೂರಿಸಿಕೊಂಡು ಅವರ ಕಣ್ಣೆದುರೇ ಕರೆದಳು. ಸಂಜೆ ಹಾಲು ಕಡಿಮೆ ಬಂತು. "ಸಂಜೆ ಇಷ್ಟೇ ಸ್ವಾಮಿ. ಗುಡುಗು ಬಂದ ದಿನ ಇನ್ನೂ ಕಮ್ಮಿ" ಎಂದು ತಾನೇ ಹೇಳಿದಳು. ನನಗೆ ಸಿಟ್ಟು ಬಂತು. ಮಾರುವವರು ಹೀಗಾ ಮಾತಾಡುವುದು? ಅವರು ಹಸು ಹೊಡೆದುಕೊಂಡು ಹೋದರು. ಅಮ್ಮ ಮಾಗಡಿ ರಸ್ತೆಯವರೆಗೆ ಅದರ ಜೊತೆ ನಡೆದು ವಾಪಸು ಬಂದಳು.

ಗಾಡಿ ಸಿಕ್ಕಿದ್ದು ರಾಜಾಜಿನಗರದಲ್ಲಿ. ಮಾರುವವರು ರುದ್ರಪ್ಪನವರು, ದಾವಣಗೆರೆ ಕಡೆಯವರು, ಸರ್ಕಾರಿ ಆಫೀಸಿನಲ್ಲಿ ಸೂಪರಿಂಟೆಂಡೆಂಟು. ವರ್ಗವಾಗಿತ್ತು, ಗಾಡಿ ಮಾರಿ ಹೋಗುವ ಆತುರ. ನಾನು ವಿಜ್ಞಾನದ ಪದವೀಧರನಲ್ಲವೇ? ಲೈಬ್ರರಿಯಲ್ಲಿ ಮೋಟಾರು ಪುಸ್ತಕ ಓದಿ ಹದಿನಾಲ್ಕು ಅಂಶಗಳ ಪಟ್ಟಿ ಮಾಡಿಕೊಂಡು ಭಾನುವಾರ ಹೋದೆ. ಚೈನು ಜಗ್ಗಿ ನೋಡಿದೆ. ಚಕ್ರದ ಕಡ್ಡಿಗಳನ್ನು ಕೀಲಿಕೈಯಿಂದ ಒಂದೊಂದಾಗಿ ಬಾರಿಸಿ, ವೀಣೆ ಶ್ರುತಿ ಮಾಡುವವನಂತೆ ತಲೆಯಾಡಿಸಿದೆ. ಸೈಲೆನ್ಸರಿಗೆ ಮೂಗು ಹಿಡಿದು ಹೊಗೆಯ ಬಣ್ಣ ಬರೆದುಕೊಂಡೆ. ರುದ್ರಪ್ಪನವರು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, "ನೋಡಪ್ಪಾ ತಮ್ಮಾ, ಚಲೋ ನೋಡು. ಹೆಣ್ಣು ನೋಡೋವಾಗಲೂ ಇಷ್ಟು ನೋಡಿರಲಿಲ್ಲ ನಾನು" ಎಂದರು. ಕೊನೆಗೆ ಅವರು ಒಂದು ಒದೆ ಒದ್ದರು. ಒಂದೇ ಒದೆಗೆ ಗಾಡಿ ಎದ್ದಿತು. ಹದಿನಾಲ್ಕಕ್ಕೆ ಹದಿನಾಲ್ಕು ಅಂಕ ಹಾಕಿ ಮನೆಗೆ ಬಂದೆ.

"ಎಷ್ಟು ಹೊತ್ತು ನೋಡ್ದೆ?" ಅಮ್ಮ ಕೇಳಿದಳು.

"ಒಂದು ಗಂಟೆ ನೋಡ್ದೆ ಕಣಮ್ಮ."

"ಗಂಟೆ ಅಲ್ಲ ಕಣೋ ನಾ ಕೇಳಿದ್ದು. ಎಷ್ಟು ಹೊತ್ತು? ಒಂದೇ ಹೊತ್ತಾ?"

"ಅಮ್ಮ, ಅದು ಹಸು ಅಲ್ಲ, ಮಿಷಿನ್ನು."

"ಆಗಲಿ. ನೀ ಹೋದಾಗ ಬೆಚ್ಚಗಿತ್ತಾ, ತಣ್ಣಗಿತ್ತಾ?"

ಆಗ ನೆನಪಾಯಿತು. ಚೈನು ನೋಡಲು ಬಗ್ಗಿದಾಗ ಮೊಣಕೈ ಇಂಜಿನ್ನಿಗೆ ತಗುಲಿ ಚುರ್ ಎಂದಿತ್ತು. ಬಿಸಿಲಿಗೆ ಕಾದಿದೆ ಅಂದುಕೊಂಡಿದ್ದೆ.

"ಬಿಸಿಲಲ್ಲಿ ನಿಲ್ಸಿದ್ರಾ?"

"ಇಲ್ಲ. ಜಗಲಿ ನೆರಳಲ್ಲಿ."

ಅಮ್ಮ ಹುಲ್ಲು ಹಾಕಲು ಹೋದಳು. ಉಷ್ಣದ ಬಗ್ಗೆ ಪರೀಕ್ಷೆಯಲ್ಲಿ ಹದಿನಾರು ಪುಟ ಬರೆದಿದ್ದ ನಾನು ಮೊಣಕೈ ಸವರಿಕೊಳ್ಳುತ್ತ ಕೂತೆ. ಯಾರೋ ಬರುವ ಮುಂಚೆ ಗಾಡಿಯನ್ನು ಓಡಿಸಿ ಬಿಸಿ ಮಾಡಿ ನಿಲ್ಲಿಸುವುದೂ, ಒಂದು ಹೊತ್ತಿನ ಹಾಲು ಕರೆಯದೆ ಕೆಚ್ಚಲು ತುಂಬಿಸಿ ತೋರಿಸುವುದೂ ಒಂದೇ ಎಂದು ಅಮ್ಮನಿಗೆ ಗಾಡಿ ನೋಡದೆಯೇ ಹೊಳೆದಿತ್ತು.

ಸೋಮವಾರ ಬೆಳಿಗ್ಗೆ ಹಾಲು ಹಾಕಿ ಮುಗಿಸಿ, ರುದ್ರಪ್ಪನವರ ಮನೆಯ ಎದುರು ಸಾಲಿನಲ್ಲಿ ಒಂದು ಹೊಂಗೆ ಮರದ ಕೆಳಗೆ ಪೇಪರು ಅಗಲಿಸಿ ನಿಂತೆ. ಅವರು ಆಫೀಸಿಗೆ ಹೊರಡುವುದನ್ನು ಕಾದೆ. ಒಂದು, ಎರಡು, ಮೂರು... ಒಂಬತ್ತನೇ ಒದೆಗೆ ಗಾಡಿ ಎದ್ದಿತು. ಚೀಟಿಯಲ್ಲಿ ಬರೆದುಕೊಂಡೆ. ಮಂಗಳವಾರ ಹನ್ನೊಂದು, ಜೊತೆಗೆ ಎದುರುಮನೆಯವರು ಬಂದು ಒಂದು ಸಲ ತಳ್ಳಿದ್ದು. ಅದೇ ಹೊತ್ತಿಗೆ ರುದ್ರಪ್ಪನವರ ಮಗಳು ಪುಸ್ತಕ ಎದೆಗವಚಿಕೊಂಡು ಕಾಲೇಜಿಗೆ ಹೊರಡುತ್ತಿದ್ದಳು. ಅದು ನನ್ನ ಗಮನಕ್ಕೆ ಬರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಬಂತು. ಆದರೆ ನಾನು ಎಣಿಸುತ್ತಿದ್ದದ್ದು ಒದೆಗಳನ್ನು.

ಬುಧವಾರ ಎಂಟು ಎಂದು ಬರೆಯುತ್ತಿದ್ದಾಗ ಹಿಂದಿನಿಂದ ಕಾಲರಿಗೆ ಕೈ ಬಿತ್ತು. ಗಾಡಿ ತಳ್ಳಿದ್ದ ಎದುರುಮನೆಯವರೇ; ದಪ್ಪ ಮೀಸೆ, ಬನೀನು. "ರುದ್ರಪ್ಪೋರೇ, ಬನ್ನಿ ಇಲ್ಲಿ. ಈ ಮಹಾನುಭಾವ ಮೂರು ದಿನದಿಂದ ನಿಮ್ಮ ಮನೆ ಕಡೆನೇ ನೋಡ್ಕೊಂಡು ನಿಂತಿದಾನೆ!"

ರುದ್ರಪ್ಪನವರು ಗಾಡಿ ನಿಲ್ಲಿಸಿ ಬಂದರು. ನನ್ನ ಗುರುತು ಹತ್ತಿದ್ದೇ ಮುಖ ಕೆಂಪಾಯಿತು. "ಗಾಡಿ ನೋಡ್ತೀನಿ ಅಂತ ಬಂದು ಮನಿ ಹೆಣ್ಮಕ್ಕಳನ್ನ ನೋಡ್ತೀಯೇನಲೇ?"

"ಇಲ್ಲ ಸಾರ್, ಗಾಡೀನೇ ನೋಡ್ತಿದ್ದೆ" ಎಂದು ಚೀಟಿ ಚಾಚಿದೆ. ಮೀಸೆಯವರು ಕಿತ್ತುಕೊಂಡು ಇಡೀ ಬೀದಿಗೆ ಕೇಳುವಂತೆ ಓದಿದರು: "ಸೋಮವಾರ ಒಂಬತ್ತು ಒದೆ. ಮಂಗಳವಾರ ಹನ್ನೊಂದು, ಒಂದು ತಳ್ಳು. ಬುಧವಾರ ಎಂಟು."

ಆಗ ಜಗಲಿಯಿಂದ ಆ ಹುಡುಗಿಯ ಧ್ವನಿ: "ಅಪ್ಪಾಜಿ, ಮಂಗಳವಾರ ಹನ್ನೆರಡು. ಒಂದು ಬಿಟ್ಟಿದಾರೆ."

ಮೀಸೆಯವರು ನಕ್ಕ ನಗುವಿಗೆ ಮೂರು ಮನೆಯವರು ಹೊರಗೆ ಬಂದರು. ರುದ್ರಪ್ಪನವರಿಗೂ ನಗು ತಡೆಯಲಾಗಲಿಲ್ಲ. ಒಳಗೆ ಕರೆದು ಕಾಫಿ ಕೊಡಿಸಿ, "ಭಾನುವಾರ ನೀ ಬರೋ ಮುಂಚೆ ಒಂದು ದೊಡ್ಡ ಸುತ್ತು ಓಡಿಸಿ ತಂದಿದ್ದೆ ತಮ್ಮಾ, ಸುಳ್ಳು ಯಾಕೆ ಹೇಳ್ಲಿ. ಇಂಜಿನ್ ರಿಪೇರಿಗೆ ಬಂದೈತಿ" ಎಂದರು. ನಾನು ಕೇಳುವ ಮೊದಲೇ ಬೆಲೆಯನ್ನೂ ಇಳಿಸಿದರು.

ಕೊಳ್ಳುವುದೋ ಬಿಡುವುದೋ? ತಿಂಗಳಲ್ಲಿ ಉಳಿದಿದ್ದು ಆರು ದಿನ. ಅಮ್ಮನ ಮುಂದೆ ಚೀಟಿ ಇಟ್ಟು ಓದಿ ಹೇಳಿದೆ.

"ಮೂರು ದಿನದಲ್ಲಿ ಒಂದಿನನಾದ್ರೂ ಏಳದೇ ಮನೇಲಿ ನಿಂತಿತಾ?"

"ಇಲ್ಲ. ಮೂರು ದಿನಾನೂ ಅದರಲ್ಲೇ ಆಫೀಸಿಗೆ ಹೋದ್ರು."

"ಹಂಗಾದ್ರೆ ತಗೋ. ಒದೆಯೋ ಹಸುನೂ ಕೊಳ್ಬೋದು ಮಗಾ, ಯಾವಾಗ ಒದೆಯುತ್ತೆ ಅಂತ ಗೊತ್ತಿದ್ರೆ."

ಕೊಂಡೆ. ಈ ಕಥೆಯನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ, ನನ್ನ ನಿವೃತ್ತಿಯ ದಿನದ ಸಭೆಯಲ್ಲೂ ಹೇಳಿದ್ದೇನೆ. ಎಲ್ಲ ಕಡೆಯೂ ಜನ ನಕ್ಕಿದ್ದಾರೆ. ಇವತ್ತು ರಶ್ಮಿಗೆ ಹೇಳಿದ್ದೂ ಇಷ್ಟೇ. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ.

ಮ್ಯಾನೇಜರು ಬರುವ ದಿನ ಬಂತು. ಎಂಟು ಗಂಟೆಗೆ ಬರುತ್ತೇನೆ ಎಂದಿದ್ದರು. ನಾನು ಐದೂವರೆಗೆ ಎದ್ದು, ಗಾಡಿಯನ್ನು ಸದ್ದಾಗದಂತೆ ಬೀದಿಯ ಕೊನೆಯವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಹತ್ತು ಒದೆ ಒದ್ದು ಎಬ್ಬಿಸಿದೆ. ಮಾಗಡಿ ರಸ್ತೆಯಲ್ಲಿ ಸಾಕಷ್ಟು ಓಡಿಸಿದೆ. ಏಳೂವರೆಗೆ ಮತ್ತೊಂದು ಸುತ್ತು. ಆಮೇಲೆ ತಂದು ಬಾಗಿಲ ಮುಂದೆ ನಿಲ್ಲಿಸಿ ಬಟ್ಟೆಯಿಂದ ಒರೆಸಿದೆ. ಮಾಡುವಾಗ ನನಗೆ ರುದ್ರಪ್ಪನವರ ನೆನಪು ಬರಲಿಲ್ಲ. ಗೌರಿಯ ನೆನಪೂ ಬರಲಿಲ್ಲ. ಕೆಲಸ ಉಳಿಯಬೇಕು, ಅಷ್ಟೇ. ಅಮ್ಮ ಉಳಿದ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದಳು. ತಲೆ ಎತ್ತಿ ಒಮ್ಮೆ ನೋಡಿದಳು.

ಮ್ಯಾನೇಜರು ಮೈಸೂರಿನವರು, ಮಿತಭಾಷಿ. ಆಟೋದಿಂದ ಇಳಿದು, ಕೊಟ್ಟಿಗೆ ದಾಟಿ ಬರುವಾಗ ಪ್ಯಾಂಟು ಸ್ವಲ್ಪ ಎತ್ತಿ ಹಿಡಿದರು. ನಾನು ನಾಚಿಕೆಯಿಂದ ಬೇರೆ ಕಡೆ ನೋಡಿದೆ. ಕಾಗದ ಪತ್ರ ನೋಡಿದರು. "ಸ್ಟಾರ್ಟ್ ಮಾಡಿ ನೋಡೋಣ" ಎಂದರು. ಒದ್ದೆ. ಒಂದೇ ಒದೆ. ಅವರು ಮೆಚ್ಚುಗೆಯಿಂದ ತಲೆದೂಗಿ ಜೇಬಿನಿಂದ ಪೆನ್ನು ತೆಗೆದರು.

ಅಮ್ಮ ಕಾಫಿ ಲೋಟ ಹಿಡಿದು ನಿಂತಿದ್ದಳು. "ಸ್ವಾಮಿ, ತಪ್ಪು ತಿಳ್ಕೋಬೇಡಿ. ಬೆಳಿಗ್ಗೆಯಿಂದ ಎರಡು ಸಲ ಓಡಿಸ್ಕೊಂಡು ಬಂದವ್ನೆ. ಅದಕ್ಕೇ ಒಂದೇ ಸಲಕ್ಕೆ ಎದ್ದಿದ್ದು. ತಣ್ಣಗಿದ್ರೆ ಎಂಟು ಹತ್ತು ಸಲ ಒದೀಬೇಕು."

ಪೆನ್ನು ಹಾಗೇ ನಿಂತಿತ್ತು. ಮ್ಯಾನೇಜರು ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು.

"ಹತ್ತು ಸಲ ಒದ್ರೂ ಏಳದೇ ಇದ್ದಿದ್ದು ಉಂಟಾ?" ಕೇಳಿದ್ದು ನನ್ನನ್ನಲ್ಲ, ಅಮ್ಮನನ್ನು.

"ಇಲ್ಲ ಸ್ವಾಮಿ. ಒಂದು ದಿನಾನೂ ಇಲ್ಲ."

"ಹತ್ತು ಒದೆಗೆ ಎಷ್ಟು ಹೊತ್ತು ಬೇಕು?" ಈಗ ನನ್ನ ಕಡೆ ತಿರುಗಿದರು.

"ಐದು ನಿಮಿಷ ಸಾರ್" ಎಂದೆ.

"ಹಾಗಾದ್ರೆ ದಿನಾ ಐದು ನಿಮಿಷ ಮುಂಚೆ ಎದ್ದೇಳಿ" ಎಂದು ಸಹಿ ಹಾಕಿದರು. ಕಾಫಿ ಕುಡಿದರು, ಹಾಲು ಚೆನ್ನಾಗಿದೆ ಎಂದರು, ಹೋದರು.

ಎರಡು ದಿನ ನಾನು ಅಮ್ಮನ ಜೊತೆ ಮಾತು ಬಿಟ್ಟೆ. ಮೂರನೇ ದಿನ ಬೆಳಿಗ್ಗೆ ಗಾಡಿ ಒದೆಯುತ್ತಿದ್ದಾಗ ಅವಳು ಕೊಟ್ಟಿಗೆಯೊಳಗಿಂದಲೇ "ಏಳು... ಎಂಟು..." ಎಂದು ಎಣಿಸುವುದು ಕೇಳಿಸಿ ನಗು ಬಂತು, ಸಿಟ್ಟು ಹೋಯಿತು. ಆದರೆ ಅಂದು ನಾನು ಮಾಡಿದ್ದು ತಪ್ಪು ಎಂದು ಅವಳಿಗೆ ಯಾವತ್ತೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಆ ಗಾಡಿಯಲ್ಲಿ ಮೊದಲ ವರ್ಷವೆಲ್ಲ ದುಡಿದೆ, ಆಮೇಲೆ ಇಂಜಿನ್ ಕೆಲಸ ಮಾಡಿಸಿದೆ, ಮತ್ತೆ ಎಷ್ಟೋ ವರ್ಷ ಓಡಿಸಿದೆ. ಅಮ್ಮ ಹೋಗಿ ಈಗ ಬಹಳ ಕಾಲವಾಯಿತು.

ಬೇರೆಯವರ ಮೋಸ ಹಿಡಿದ ಅರ್ಧವನ್ನು ಇಷ್ಟು ವರ್ಷ ಹೇಳಿಕೊಂಡು ಬಂದೆ. ನನ್ನದು ಸಿಕ್ಕಿಬಿದ್ದ ಅರ್ಧವನ್ನು ಇವತ್ತೇ ಮೊದಲು ಬರೆಯುತ್ತಿರುವುದು. ಸಂಜೆ ರಶ್ಮಿ ಬ್ಯಾಂಕಿನಿಂದ ಬಂದ ಮೇಲೆ ಕರೆದು ಅವಳಿಗೂ ಹೇಳಬೇಕು. ಮುಂದೊಂದು ದಿನ ತಾನು ಕೊಂಡ ಗಾಡಿಯನ್ನು ಅವಳೂ ಮಾರಬೇಕಲ್ಲ.